ಅರ್ಧ ಹಸುಗಳ ಒಡತಿ

ಆಕೆ ತೀರಿಕೊಂಡ ದಿನ ಮಧ್ಯಾಹ್ನ ಆಕೆಯ ದೊಡ್ಡ ಮಗ ನಮ್ಮ ಮನೆಗೆ ಬಂದು, ನನ್ನ ಮೊಬೈಲಿನಲ್ಲಿ ಅಮ್ಮನ ಫೋಟೊ ಏನಾದರೂ ಇದೆಯೇ ಎಂದು ಕೇಳಿದ. ಬೀದಿಯ ಮೂಲೆಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಬೇಕಿತ್ತು. ಅವರ ಮನೆಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶದ ಆಲ್ಬಮ್ಮುಗಳು ರಾಶಿ ಬಿದ್ದಿವೆ. ಒಂದರಲ್ಲೂ ಆಕೆಯ ಮುಖ ನೆಟ್ಟಗೆ ಸಿಕ್ಕಿಲ್ಲ. ಒಂದರಲ್ಲಿ ಬೆನ್ನು, ಒಂದರಲ್ಲಿ ಬಾಗಿಲು ದಾಟುತ್ತಿರುವ ಸೆರಗು, ಇನ್ನೊಂದರಲ್ಲಿ ಯಾರದೋ ಭುಜದ ಹಿಂದೆ ಅರ್ಧ ಕಿವಿ. ನನ್ನ ಮೊಬೈಲಿನಲ್ಲಿದ್ದ ಎರಡು ಚಿತ್ರಗಳೂ ಅಂಥವೇ. ಕೊನೆಗೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದರು. ಅದರಲ್ಲೂ ಆಕೆ "ಆಯ್ತೇನಪ್ಪ, ಹೋಗ್ಲಾ?" ಎಂದು ಕೇಳುತ್ತಿರುವ ಹಾಗೆಯೇ ಇದ್ದರು.

ಆಕೆ ಕೂತಿದ್ದನ್ನು ನಾನಂತೂ ಕಂಡವನಲ್ಲ. ವರ್ಷಗಟ್ಟಲೆ ನಮ್ಮ ಮನೆಗೆ ಹಾಲು ಹಾಕಿದರು. ಗೇಟಿನ ಚಿಲಕ ಸದ್ದಾಗಿ, ನನ್ನ ಹೆಂಡತಿ ಪಾತ್ರೆ ಹಿಡಿದು ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಗೆ ಹಾಲು ಸುರಿದು ಬಂದು, ನಮ್ಮ ಕಾಂಪೌಂಡಿನ ಬುಡದಲ್ಲಿದ್ದ ಹುಲ್ಲನ್ನೂ ಒಂದು ಹಿಡಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಒಂದು ನಿಮಿಷ ಕೂತ್ಕೊಳ್ಳಿ ಎಂದರೆ, ಕೂತರೆ ಕೂತೇಬಿಡ್ತೀನಿ, ಬೇಡ ಎನ್ನುವರು. ನನಗೂ ಒಂದು ಕಡೆ ಇರಲಾಗದ ಕಾಯಿಲೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀರಿ ಎಂದು ಹೆಂಡತಿ ಬೈಯುತ್ತಾಳೆ. ನಮ್ಮಿಬ್ಬರ ಮಾತುಕತೆಯೆಲ್ಲ ನಡೆಯುತ್ತಲೇ ಆದದ್ದು. ಆಕೆ ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ.

ನಾನು ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಜೋಗುಪಾಳ್ಯದ ಬಾಡಿಗೆ ಮನೆ ಬಿಟ್ಟು ಕೆ.ಆರ್. ಪುರದ ಆಚೆಯ ನಮ್ಮ ಸಿಬ್ಬಂದಿ ಬಡಾವಣೆಗೆ ಬಂದಾಗ ಸುತ್ತ ರಾಗಿ ಹೊಲಗಳಿದ್ದವು, ಹೊಲ ದಾಟಿದರೆ ಆಕೆಯ ಹಳ್ಳಿ. ಈಗ ಹಳ್ಳಿ ಎಲ್ಲಿ ಮುಗಿಯಿತು, ಬಡಾವಣೆ ಎಲ್ಲಿ ಶುರುವಾಯಿತು ಎಂದು ಪೋಸ್ಟ್‌ಮ್ಯಾನೂ ಹೇಳಲಾರ. ಬಂದ ಹೊಸದರಲ್ಲಿ, ಪೇಟೆಯವನ ಜಾಣತನ ತೋರಿಸಲು, ಹಾಲಿಗೆ ನೀರು ಹಾಕ್ತೀರೇನಮ್ಮ ಎಂದು ಕೇಳಿದ್ದೆ. ಆಕೆ ನಿಲ್ಲಲೂ ಇಲ್ಲ.

"ಹಾಕ್ತೀನಿ ಸ್ವಾಮಿ, ದಿನಾ ಹಾಕ್ತೀನಿ. ಹಸು ಬಾಯಿಗೆ."

ಆಕೆಯ ಮನೆಯವರು ಬಡವರಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಹಸು ಸಾಕುವ ಹೆಂಗಸು ಎಂದ ಕೂಡಲೇ ಓದುವವರು ಕರ್ಚೀಫು ಹುಡುಕುತ್ತಾರೆ. ಗಂಡನ ಹೊಲಗಳು ಸೈಟುಗಳಾಗಿದ್ದವು. ಮಾರತ್ತಹಳ್ಳಿ ಕಡೆ ಕೆಲಸಕ್ಕೆ ಹೋಗುವ ಹುಡುಗಿಯರಿಗಾಗಿ ದೊಡ್ಡ ಮಗ ನಾಲ್ಕು ಅಂತಸ್ತಿನ ಪಿ.ಜಿ. ಕಟ್ಟಿಸಿದ್ದ. ಅದರ ಹಿಂದೆ, ತಗಡಿನ ಮಾಡಿನ ಕೊಟ್ಟಿಗೆಯಲ್ಲಿ ಮೂರು ಕರೆಯುವ ಹಸು, ಇನ್ನೂ ಈಯದ ಎರಡು ಪಡ್ಡೆ. ಅಷ್ಟೆಲ್ಲ ಬಾಡಿಗೆ ಬರುವ ಮನೆಯ ಹಿರಿಯಾಕೆ ಇನ್ನೂ ಸಗಣಿ ಯಾಕೆ ಬಾಚಬೇಕು ಎಂದು ಊರವರೆಲ್ಲ ಕೇಳುತ್ತಿದ್ದರು. ನಾನೂ ಕೇಳಿದೆ. ಹೊಲ ಗಂಡಂದು, ಬಾಡಿಗೆ ಮಕ್ಕಳದು, ಹಾಲು ನಂದು ಎಂದರು.

ಇದಕ್ಕೆ ಮೂಲ ಅವರ ಅತ್ತೆ. ಆಕೆ ಸೊಸೆಯಾಗಿ ಬಂದ ಹೊಸದರಲ್ಲಿ ಇಬ್ಬರೂ ಹಾಲಿನ ಕ್ಯಾನು ಹೊತ್ತು ಕೆ.ಆರ್. ಪುರದಲ್ಲಿ ರೈಲು ಹತ್ತಿ, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದರಂತೆ. ಕುಕ್ ಟೌನಿನ ಬಂಗಲೆಗಳಿಗೆ ಒಂದಷ್ಟು, ಶಿವಾಜಿನಗರದ ಚಹಾ ಅಂಗಡಿಗಳಿಗೆ ಒಂದಷ್ಟು. ಬಂಗಲೆಯ ಅಡುಗೆಯವರ ಜೊತೆ ತಮಿಳು, ಚಹಾದವರ ಜೊತೆ ಉರ್ದು, ಬೈಗುಳ ಮಾತ್ರ ಕನ್ನಡದಲ್ಲಿ. ವಾಪಸು ಬರುವ ರೈಲು ಹತ್ತುವ ಮೊದಲು ಅತ್ತೆ ಪ್ಲಾಟ್‌ಫಾರ್ಮಿನಲ್ಲೇ ದುಡ್ಡು ಪಾಲು ಮಾಡಿ ಸೊಸೆಯದನ್ನು ಸೊಸೆಯ ಕೈಗೆ ಹಾಕಿ, ಇದನ್ನ ಯಾರಿಗೂ ಕೊಡಬೇಡ, ನಿನ್ನ ಗಂಡ ನನ್ನ ಮಗ, ಅವನಿಗೂ ಕೊಡಬೇಡ ಎನ್ನುತ್ತಿದ್ದಳಂತೆ. ಅತ್ತೆಯ ಮಾತನ್ನು ಆಕೆ ಜೀವಮಾನವಿಡೀ ನಡೆಸಿದರು. ತಮ್ಮ ಸೀರೆ, ತಮ್ಮ ಮಾತ್ರೆ, ಮೊಮ್ಮಗಳ ಕಿವಿಯ ಓಲೆ, ಎಲ್ಲ ಹಾಲಿನದೇ. ಎಲೆ ಅಡಿಕೆಗೂ ಮಕ್ಕಳ ಮುಂದೆ ಕೈ ಚಾಚಿದವರಲ್ಲ.

ಹಸುಗಳಿಗೆ ಗೌರಿ, ಲಕ್ಷ್ಮಿ ಎಂದೆಲ್ಲ ಹೆಸರಿಡುತ್ತಿರಲಿಲ್ಲ. ಯಾವ ಊರಿನಿಂದ ತಂದರೋ ಅದೇ ಹೆಸರು. ಚಿಂತಾಮಣಿ, ಮಾಲೂರು, ಹೊಸಕೋಟೆ. ಮಾಲೂರು ರಾತ್ರಿಯಿಂದ ಕೆಮ್ತಾ ಐತೆ, ಚಿಂತಾಮಣಿ ಒದ್ದುಬಿಡ್ತು ಎಂದು ಆಕೆ ವರದಿ ಕೊಡುತ್ತಿದ್ದರೆ ಹೊಸಬರಿಗೆ ದಿಗಿಲಾಗುತ್ತಿತ್ತು. ಮೇವಿನ ಹುಡುಕಾಟವಂತೂ ದಿನದ ಅರ್ಧ ಭಾಗ. ಕೆ.ಆರ್. ಪುರದ ಸಂತೆಯಲ್ಲಿ ಉಳಿದ ಕೋಸಿನ ಹೊರಎಲೆ, ಹೂಕೋಸಿನ ದಂಟು, ಕಲ್ಯಾಣ ಮಂಟಪದ ಬಾಗಿಲಿಗೆ ಕಟ್ಟಿದ್ದ ಬಾಳೆಕಂದು, ಜೋಳ ಸುಡುವ ತಳ್ಳುಗಾಡಿಯ ಹತ್ತಿರ ಬಿದ್ದ ಸಿಪ್ಪೆ, ಎಲ್ಲದರ ಹೊತ್ತು ಆಕೆಗೆ ಗೊತ್ತು. ಒಮ್ಮೆ ಪಕ್ಕದ ಸಾಫ್ಟ್‌ವೇರ್ ಕಂಪನಿಯ ಸೆಕ್ಯೂರಿಟಿಯವನನ್ನು ಮಾತಲ್ಲಿ ಮರುಳು ಮಾಡಿ ಕತ್ತರಿಸಿದ ಲಾನ್ ಹುಲ್ಲನ್ನು ಎರಡು ಚೀಲ ಹೊತ್ತು ತಂದರು. ಹಸು ಮೂಸಿ ನೋಡಿ ಮುಖ ತಿರುಗಿಸಿತು. ಔಷಧಿ ಹೊಡೆದ ಹುಲ್ಲು, ಅದನ್ನ ನೋಡ್ಕೊಂಡು ಕೂರೋಕೆ ಸಂಬಳ ಕೊಡ್ತಾರಂತೆ ಎಂದು ಆಕೆ ಒಂದು ವಾರ ನಕ್ಕರು.

ಹಸು ಕರು ಹಾಕಿದಾಗ ಗಿಣ್ಣುಹಾಲು ಬೀದಿಗೆಲ್ಲ ಹಂಚುತ್ತಿದ್ದರು. ಅದನ್ನು ಮಾರಬಾರದು. ಮೊದಲ ಸಲ ನಮಗೆ ಕೊಟ್ಟಾಗ ನನ್ನ ಹೆಂಡತಿ ಒಳ್ಳೆಯ ಸಂಸಾರಸ್ಥೆಯ ಹಾಗೆ ಪಾತ್ರೆಯನ್ನು ಸೋಪು ಹಚ್ಚಿ ಫಳಫಳ ಬೆಳಗಿ ವಾಪಸು ಕೊಟ್ಟಳು. ಆಕೆ ಪಾತ್ರೆಯ ಒಳಗನ್ನೇ ನೋಡುತ್ತಾ ನಿಂತುಬಿಟ್ಟರು. ನಿಂತದ್ದೇ ಆಶ್ಚರ್ಯ. ಗಿಣ್ಣು ಕೊಟ್ಟ ಪಾತ್ರೆ ತೊಳೆದು ಕೊಡಬಾರದಂತೆ, ತೊಳೆದರೆ ಹಸುವಿನ ಕೆಚ್ಚಲೂ ತೊಳೆದು ಹೋಗುತ್ತದಂತೆ. ನಮಗೆ ಹೇಗೆ ಗೊತ್ತಾಗಬೇಕು? ಹೆಂಡತಿ ಕಣ್ಣಲ್ಲಿ ನೀರು ತುಂಬಿಕೊಂಡಳು. ಆಕೆ ಬೈಯಲಿಲ್ಲ. ಅದೇ ಪಾತ್ರೆಗೆ ನಮ್ಮ ಮನೆಯ ಬೆಲ್ಲ ಒಂದು ಅಚ್ಚು ಹಾಕಿಸಿಕೊಂಡು, ಸರಿಹೋಯ್ತು ಬಿಡವ್ವ ಎಂದು ಹೊರಟರು. ಆದರೂ ಆ ಸಲ ಚಿಂತಾಮಣಿಯ ಹಾಲು ಇಳಿದದ್ದಕ್ಕೆ ನನ್ನ ಹೆಂಡತಿ ಇವತ್ತಿಗೂ ತಾನೇ ಕಾರಣ ಎಂದುಕೊಂಡಿದ್ದಾಳೆ.

ಕೊಟ್ಟಿಗೆ ಹೋಗುವ ಕಾಲ ಬಂತು. ಪಿ.ಜಿ. ಹುಡುಗಿಯರು ನೊಣ, ವಾಸನೆ ಎಂದು ದೂರುತ್ತಿದ್ದರು. ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಆಕೆಗೆ ಸಕ್ಕರೆ ಕಾಯಿಲೆ ಬೇರೆ ಬಂದಿತ್ತು. ದೊಡ್ಡ ಮಗ ಕೆಟ್ಟವನಲ್ಲ. ಅಮ್ಮ ಇನ್ನಾದರೂ ಸುಖವಾಗಿರಲಿ ಎಂದು ಮನಸಾರೆ ಬಯಸಿದವನೇ. ಹಸುಗಳನ್ನು ಕೊಟ್ಟುಬಿಡೋಣ ಎಂದ. ಆಕೆ ಜಗಳವಾಡುತ್ತಾರೆಂದು ನಾನು ಕಾದಿದ್ದೆ. ಆಡಲಿಲ್ಲ. ದಲ್ಲಾಳಿ ಬಂದು ಮೂರು ಹಸುಗಳನ್ನು ಹೊಡೆದುಕೊಂಡು ಹೋದ. ಮಾರಿದ ಹಸುವಿನ ಜೊತೆ ಹಗ್ಗ ಕೊಡುವ ಪದ್ಧತಿಯಿಲ್ಲ, ಕೊಂಡವನೇ ತರಬೇಕು. ಆಕೆ ಒಂದೊಂದೇ ಹಗ್ಗ ಬಿಚ್ಚಿ ಸುತ್ತಿ ಮಂಚದ ಕೆಳಗೆ ಇಟ್ಟುಕೊಂಡರು. ಎರಡು ಪಡ್ಡೆಗಳನ್ನು ಹೊಸಕೋಟೆ ಕಡೆಯವರಿಗೆ ಕೊಟ್ಟೆ ಎಂದು ಮಗನಿಗೆ ಹೇಳಿದರು. ಮಾರಿರಬೇಕು ಎಂದು ಅವನು ತಿಳಿದ.

ಆಮೇಲೆ ಆಕೆಯನ್ನು ನೋಡುವುದೇ ಹಿಂಸೆ. ಮೂರನೇ ಅಂತಸ್ತಿನಲ್ಲಿ ಒಂದು ಕೋಣೆ, ಟಿ.ವಿ., ಒರಗುವ ಕುರ್ಚಿ, ಎಲ್ಲ ಕೊಟ್ಟಿದ್ದರು. ಆಕೆ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಾ, ತಾರಸಿಯಲ್ಲಿ ಒಣಗಿದ ಹುಡುಗಿಯರ ಬಟ್ಟೆಗಳ ನಡುವೆ ಓಡಾಡುತ್ತಾ ಇರುತ್ತಿದ್ದರು. ಹಾಲು ಹೊತ್ತ ಕೈಗಳು ಬರಿದಾಗಿ ಏನು ಮಾಡಬೇಕೆಂದು ತಿಳಿಯದೆ ಒಂದನ್ನೊಂದು ತಿಕ್ಕುತ್ತಿದ್ದವು. ನಾನೂ ಆಗಷ್ಟೇ ನಿವೃತ್ತನಾಗಿದ್ದೆ. ಆ ತಿಕ್ಕಾಟ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ಅದಕ್ಕೇ ತಪ್ಪಿಸಿಕೊಂಡು ಬೇರೆ ಬೀದಿಯಲ್ಲಿ ಹೋಗುತ್ತಿದ್ದೆ.

ಆದರೆ ಮಂಗಳವಾರ ಮಾತ್ರ ಆಕೆ ಬೆಳಿಗ್ಗೆಯೇ ಮಾಯ. ದೇವಸ್ಥಾನಕ್ಕಿರಬೇಕು ಎಂದು ಮನೆಯವರು ತಿಳಿದಿದ್ದರು. ಒಂದು ಮಂಗಳವಾರ ನಾನು ಸುಮ್ಮನೆ ಅಲೆಯುತ್ತಾ ಕೆ.ಆರ್. ಪುರದ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಹೊಸಕೋಟೆಯ ಬಸ್ಸಿಗೆ ಆಕೆ ಹತ್ತುತ್ತಿದ್ದರು. ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ, ಒಂದು ಸುತ್ತು ಹಗ್ಗ. ನಾನೂ ಹತ್ತಿದೆ. ಆಕೆ ನನ್ನನ್ನು ನೋಡಿ ಮುಖ ಗಂಟು ಹಾಕಿಕೊಂಡರು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಿಲ್ಲ.

ಹೊಸಕೋಟೆ ದಾಟಿ, ಶೇರ್ ಆಟೊ ಹಿಡಿದು, ನೀಲಗಿರಿ ತೋಪುಗಳ ನಡುವಿನ ಒಂದು ಹಳ್ಳಿಗೆ ಹೋದೆವು. ಮುನಿಲಕ್ಷ್ಮಮ್ಮ ಎಂಬ ಹೆಂಗಸಿನ ಮನೆ. ಗಂಡ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕೆ ಹೋಗುವವನು. ಹಿತ್ತಿಲಿನ ಚಪ್ಪರದ ಕೆಳಗೆ ಒಂದು ಪಡ್ಡೆ. ಆಕೆ ಮುನಿಲಕ್ಷ್ಮಮ್ಮನನ್ನು ಮಾತಾಡಿಸುವ ಮೊದಲು ಪಡ್ಡೆಯ ಹತ್ತಿರ ಹೋಗಿ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರಿ, ಕಿವಿಯ ಸಂದಿಯಲ್ಲಿದ್ದ ಉಣ್ಣೆಹುಳುವನ್ನು ಕಿತ್ತು, ಇದೇನೇ ಇಷ್ಟು ಉಣ್ಣೆ, ನಿನ್ನ ಕಣ್ಣು ಎಲ್ಲಿತ್ತು ಎಂದು ಜೋರು ಮಾಡಿದರು. ಎಷ್ಟೋ ತಿಂಗಳ ಮೇಲೆ ಆ ಗಂಟಲು ಕೇಳಿ ನನಗೆ ಹಿತವಾಯಿತು.

ಗುಟ್ಟು ಇಷ್ಟೇ. ಹಸು ಮಾರಿದ ದುಡ್ಡಿನಲ್ಲಿ ಆಕೆ ತಾಯಿಹಾಲು ಬಿಟ್ಟು ಬೆಳೆದ ಹೆಣ್ಣುಕರುಗಳನ್ನು ಕೊಂಡು, ತಮ್ಮ ಎರಡು ಪಡ್ಡೆಗಳನ್ನೂ ಸೇರಿಸಿ, ಆ ಸುತ್ತಿನ ಐದು ಮನೆಗಳಿಗೆ ಪಾಲಿಗೆ ಕೊಟ್ಟಿದ್ದರು. ಅದು ಆ ಕಡೆಯ ಹಳೆಯ ಪದ್ಧತಿ. ಕರು ಒಬ್ಬರದು, ಮೇವು, ಆರೈಕೆ ಇನ್ನೊಬ್ಬರದು. ಬೆಳೆದು ಈದ ಮೇಲೆ ಹಾಲು ಪೂರ್ತಿ ಸಾಕಿದವಳಿಗೆ. ಹುಟ್ಟುವ ಕರುಗಳಲ್ಲಿ ಒಂದು ಅವಳಿಗೆ, ಒಂದು ಇವರಿಗೆ, ಹಸು ಮಾರಿದರೆ ದುಡ್ಡು ಅರ್ಧರ್ಧ. ಕರು ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಮನೆಯಲ್ಲಿ ಹೀಗೆ ಒಂದು ಹಸು ಕಟ್ಟುತ್ತದೆ, ವಾರ ವಾರ ಡೇರಿಯ ಬಟವಾಡೆ ಬರುತ್ತದೆ. ಮುನಿಲಕ್ಷ್ಮಮ್ಮ ಮುಂದೆ ಬರುವ ಹಾಲನ್ನು ನಂಬಿಕೊಂಡು ಮಗಳನ್ನು ನರ್ಸಿಂಗ್ ಓದಲು ಸೇರಿಸುವ ಯೋಚನೆಯಲ್ಲಿದ್ದಳು. ಇದನ್ನೆಲ್ಲ ಬರೆದುಕೊಂಡಿದ್ದೀರಾ ಎಂದು ನಾನು ಗುಮಾಸ್ತನ ಬುದ್ಧಿ ಬಿಡದೆ ಕೇಳಿದೆ. ಹಸು ಕಣ್ಣೆದುರಿಗೇ ನಿಂತೈತಲ್ಲ, ಬರ್ಕೊಳ್ಳೋದೇನು ಎಂದರು. ಮನೆಯಲ್ಲಿ ಬಾಯಿ ಬಿಡಬಾರದೆಂದು ದಾರಿಯುದ್ದಕ್ಕೂ ನನ್ನಿಂದ ಆಣೆ ಮಾಡಿಸಿಕೊಂಡರು. ಆಮೇಲೆ ಮಂಗಳವಾರಗಳಲ್ಲಿ ನಾನೂ ಜೊತೆಯಾದೆ. ದೇವಸ್ಥಾನಕ್ಕೆ ಎಂದು ನನ್ನ ಹೆಂಡತಿಗೆ ಹೇಳಿದೆ. ಅವಳು ನಂಬಿದಳೆಂದು ನನಗೇನೂ ಅನ್ನಿಸಲಿಲ್ಲ.

ಒಂದು ದಿನ ಹಗ್ಗ ಬದಲಿಸುವಾಗ ಗಬ್ಬವಾಗಿದ್ದ ಪಡ್ಡೆ ಅಡ್ಡ ತಿರುಗಿ ಆಕೆಯ ಪಾದ ತುಳಿಯಿತು. ಹೊಸಕೋಟೆಯಲ್ಲಿ ಪಟ್ಟಿ ಕಟ್ಟಿಸಿ ನಾನೇ ಮನೆಗೆ ಕರೆತಂದೆ. ದೊಡ್ಡ ಮಗ ಗಾಬರಿಯಾಗಿ ಓಡಿಬಂದು, ಎಲ್ಲಿ ಬಿದ್ದೆಯಮ್ಮ ಎಂದ. ಆಕೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಬಿದ್ದಿಲ್ಲ. ಮಾಲೂರು ತುಳೀತು."

"ಮಾಲೂರನ್ನ ಮಾರಿ ಎಷ್ಟು ದಿನ ಆಯ್ತಲ್ಲಮ್ಮ?"

"ಅದರ ಮಗಳು."

ಎಲ್ಲವೂ ಹೊರಗೆ ಬಂತು. ಅವನು ನನ್ನ ಕಡೆ ಒಮ್ಮೆ ನೋಡಿದ. ನಾನು ಚಪ್ಪಲಿಯ ಕಡೆ ನೋಡಿಕೊಂಡೆ. ನಮ್ಮನ್ನ ಊರಲ್ಲಿ ತಲೆ ಎತ್ತದ ಹಾಗೆ ಮಾಡ್ತೀಯಲ್ಲಮ್ಮ, ನಾವು ನಿನಗೆ ಏನು ಕಮ್ಮಿ ಮಾಡಿದೀವಿ ಎಂದ. ಕೂಗಲಿಲ್ಲ. ಅವನ ದನಿಯಲ್ಲಿದ್ದುದು ಸಿಟ್ಟಿಗಿಂತ ನೋವು.

"ನೀನೇನೂ ಕಮ್ಮಿ ಮಾಡಿಲ್ಲ ಕಣಪ್ಪ," ಎಂದರು ಆಕೆ. "ಕೊಡ್ತಾನೇ ಇದೀಯ. ನಂಗೆ ಇಸ್ಕೊಳ್ಳಕ್ಕೆ ಬರಲ್ಲ. ನಾನು ಉಣ್ಣೋದು ನಾನು ದುಡ್ದಿದ್ದಾಗಿರ್ಬೇಕು. ಕೊನೇ ತುತ್ತುವರ್ಗೂ ಅಷ್ಟೇ."

ಒಂದು ರೂಮಿನ ಬಾಡಿಗೆಯನ್ನು ನಿನ್ನ ಹೆಸರಿಗೇ ಬರೆದುಬಿಡ್ತೀನಿ ಎಂದು ಅವನು ಗೋಗರೆದ. ಬಾಡಿಗೆ ರೂಮು ಕರು ಹಾಕ್ತದಾ ಎಂದರು. ಅವನಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಮೆಟ್ಟಿಲ ಮೇಲೆ ಕೂತು ತಲೆ ಹಿಡಿದುಕೊಂಡ.

ಸಕ್ಕರೆ ಕಾಯಿಲೆಯವರ ಕಾಲು. ಗಾಯ ಮಾಯಲಿಲ್ಲ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ ಎಂದು ತಿಂಗಳುಗಳು ಕಳೆದವು. ಆ ಕಾಲಿನಲ್ಲೂ ಆಕೆ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಗೋಡೆ ಹಿಡಿದು ಓಡಾಡುವರು. ಹಳ್ಳಿಗೆ ನಾನೊಬ್ಬನೇ ಹೋಗಿ ಬಂದು ಸುದ್ದಿ ಹೇಳುತ್ತಿದ್ದೆ. ಯಾವುದು ಈಯಿತು, ಯಾವುದು ಮೇವು ಬಿಟ್ಟಿದೆ, ಮಾಲೂರಿನ ಮಗಳಿಗೆ ಹೆಣ್ಣುಕರು ಆಯಿತು. ಅರ್ಧದಲ್ಲೇ ತಡೆದು, ನೀವು ನಿಧಾನ ಸ್ವಾಮಿ ಎಂದು ಸಿಡುಕುವರು. ಒಂದು ಹಸುವನ್ನು ಮಾರಿಸಿ, ಬಂದ ಅರ್ಧ ದುಡ್ಡನ್ನು ಆಸ್ಪತ್ರೆಯ ಖರ್ಚಿಗೆಂದು ಮಗನ ಜೇಬಿಗೆ ತುರುಕಿದರು. ಆ ಮನೆಗೆ ತಮ್ಮ ಪಾಲಿನ ಒಂದು ಕರುವನ್ನೇ ಮತ್ತೆ ಕೊಡಿಸಿದರು. ಇಸ್ಕೊಳ್ಳದಿದ್ರೆ ಮಾತ್ರೆ ನುಂಗಲ್ಲ ಅಂತಾಳೆ ಸಾರ್, ಏನು ಮಾಡ್ಲಿ ಎಂದು ಅವನು ನನ್ನ ಹತ್ತಿರ ಹೇಳಿಕೊಂಡ. ತೆಗೆದುಕೋ ಎಂದೆ. ತೆಗೆದುಕೊಂಡ. ಅದಕ್ಕಿಂತ ದೊಡ್ಡ ಔಷಧಿ ಅವನಿಂದ ಆಕೆಗೆ ಸಿಕ್ಕಿರಲಿಲ್ಲ ಎಂದು ನನ್ನ ನಂಬಿಕೆ.

ಕೊನೆಯ ದಿನಗಳಲ್ಲಿ ಮಗನನ್ನೂ ನನ್ನನ್ನೂ ಎದುರಿಗೆ ನಿಲ್ಲಿಸಿಕೊಂಡು ಒಂದು ಮಾತು ಹೇಳಿದರು. ತಾವು ಹೋದ ಮೇಲೆ ಪಾಲು ಕೇಳಲು ಯಾರೂ ಆ ಹಳ್ಳಿಗಳಿಗೆ ಹೋಗಬಾರದು, ಅರ್ಧವೂ ಸಾಕಿದವರದ್ದೇ. ಮಗ ಆಯಿತು ಎಂದು ತಲೆಯಾಡಿಸಿದ. ನಾನು ಹೋಗಿ ಐದು ಮನೆಗೂ ಹೇಳಿ ಬಂದೆ. ಹೀಗಾಗಿ, ಆಕೆ ತೀರಿಕೊಂಡಾಗ ಆ ಹೆಂಗಸರು ಯಾರೂ ಈ ಮನೆಗೆ ಏನೂ ಕೊಡಬೇಕಾಗಿರಲಿಲ್ಲ.

ನಾನು ಫೋನ್ ಮಾಡಿದೆ. ಅವರು ಮಣ್ಣಿಗೆ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಮೂರನೇ ದಿನ ಗುಡ್ಡೆಗೆ ಹಾಲು ತುಪ್ಪ ಬಿಡುವುದಕ್ಕೆ ಬರುತ್ತೇವೆ ಎಂದರು.

ಮಣ್ಣು ಮಾಡಿದ್ದು ಹಳೆಯ ಹೊಲದ ಒಂದು ಮೂಲೆಯಲ್ಲಿ. ಮೂರು ಕಡೆ ಅಪಾರ್ಟ್‌ಮೆಂಟಿನ ಗೋಡೆ, ಒಂದು ಕಡೆ ರಸ್ತೆ. ಗಂಡ, ಅತ್ತೆ, ಮಾವ ಎಲ್ಲರೂ ಅಲ್ಲೇ ಇದ್ದಾರೆ. ಮೂರನೇ ದಿನ ಬೆಳಿಗ್ಗೆ ಮನೆಯವರೆಲ್ಲ ಸೇರಿದರು. ಮಣ್ಣಿನ ಗುಡ್ಡೆಯ ಮುಂದೆ ಬಾಳೆ ಎಲೆ ಹಾಸಿ, ಆಕೆಗೆ ಇಷ್ಟವಾದುದನ್ನೆಲ್ಲ ಎಡೆ ಇಟ್ಟರು. ದೊಡ್ಡ ಮಗ ಕವರಿನಿಂದ ತುಪ್ಪದ ಬಾಟಲಿ ತೆಗೆದ. ಆಮೇಲೆ ಎರಡು ಪ್ಯಾಕೆಟ್ ಹಾಲು ತೆಗೆದ. ಅವನಾದರೂ ಬೇರೆ ಹಾಲು ಎಲ್ಲಿಂದ ತರಬೇಕು? ಊರಿನಲ್ಲಿ ಹಸುವೇ ಉಳಿದಿರಲಿಲ್ಲ. ಆದರೂ ಆ ಪ್ಯಾಕೆಟ್ಟಿನ ಮೂಲೆಯನ್ನು ಅವನು ಹಲ್ಲಿನಲ್ಲಿ ಹರಿದಾಗ, ಅಲ್ಲಿ ನಿಲ್ಲಲಾರದೆ ನಾನು ರಸ್ತೆಯ ಕಡೆ ಹೊರಟೆ.

ಆಗ ಲಗೇಜ್ ಆಟೊ ಬಂದು ನಿಂತಿತು. ಹಿಂದೆ ಮುನಿಲಕ್ಷ್ಮಮ್ಮ ಮತ್ತು ನಾಲ್ವರು ಹೆಂಗಸರು, ನಡುವೆ ಗೋಣಿ ಸುತ್ತಿದ ಒಂದು ಕ್ಯಾನು. ಟ್ರಾಫಿಕ್ಕಿನಲ್ಲಿ ತಡವಾಯಿತು ಎಂದು ನನ್ನ ಹತ್ತಿರ ಕ್ಷಮೆ ಕೇಳುತ್ತಲೇ ಕ್ಯಾನು ಇಳಿಸಿದರು. ಅವರನ್ನು ಗುಡ್ಡೆಯ ಹತ್ತಿರ ಕರೆತಂದು, ಅಮ್ಮನ ಪಾಲಿನವರು ಎಂದು ನಾನು ದೊಡ್ಡ ಮಗನಿಗೆ ಹೇಳಿದೆ. ಅವನು ಅವರನ್ನು ಮೊದಲ ಸಲ ನೋಡುತ್ತಿದ್ದ. ಬೆಳಿಗ್ಗೆ ನಮ್ಮ ಮನೆಗಳಲ್ಲಿ ಕರೆದದ್ದನ್ನು ಡೇರಿಗೆ ಹಾಕದೆ, ಒಟ್ಟು ಸೇರಿಸಿ ತಂದಿದ್ದೇವೆ ಎಂದಳು ಮುನಿಲಕ್ಷ್ಮಮ್ಮ.

ಅವನು ಪ್ಯಾಕೆಟ್ಟನ್ನು ಕೆಳಗಿಟ್ಟು ಎದ್ದ. "ಹಾಲು ನಿಮ್ಮದಲ್ವೇನಮ್ಮ," ಎಂದು ಮೆಲ್ಲಗೆ ಹೇಳಿ ಜೇಬಿಗೆ ಕೈ ಹಾಕಿದ. "ಅಮ್ಮಂಗೆ ಇದರಲ್ಲಿ ಪಾಲಿಲ್ಲ. ಎಷ್ಟಾಯ್ತು ಹೇಳಿ, ಕೊಡ್ತೀನಿ. ಇಲ್ದಿದ್ರೆ ಅವಳು ಒಪ್ಪಲ್ಲ."

"ಗೊತ್ತು ಕಣಣ್ಣ," ಎಂದಳು ಮುನಿಲಕ್ಷ್ಮಮ್ಮ. "ನಮ್ಮನೇಲಿ ಕಾಫಿಗೂ ಹಾಲು ಹಾಕಿಸ್ಕೊತಿರ್ಲಿಲ್ಲ. ಹಾಲು ನಿನ್ ಪಾಲ್ದು, ನಂಗೆ ಬ್ಯಾಡ ಅಂತ ಕರೀಕಾಫಿ ಕುಡ್ಕೊಂಡು ಹೋಗೋರು. ಇವತ್ತೊಂದಿನ ಬ್ಯಾಡ ಅನ್ನಕ್ಕಾಗಲ್ಲ ಅವ್ರಿಗೆ. ಹುಯ್ಯಣ್ಣ."

ಅವನು ಜೇಬಿನಿಂದ ಕೈ ತೆಗೆದ. ಬಗ್ಗಿ ಕ್ಯಾನನ್ನು ಎತ್ತಿದ. ಮುನಿಲಕ್ಷ್ಮಮ್ಮ ತಳಕ್ಕೆ ಕೈ ಕೊಟ್ಟಳು. ಇಬ್ಬರೂ ಸೇರಿ ಗುಡ್ಡೆಯ ತಲೆಯ ಕಡೆಯಿಂದ ಕಾಲಿನವರೆಗೆ ಧಾರೆಯಾಗಿ ಬಿಟ್ಟರು. ಒಂದಿಷ್ಟು ಅವನ ಬೆರಳಿನ ಮೇಲೂ ಹರಿಯಿತು. ಸಾವಿನ ಮನೆಯ ಕೆಲಸಗಳ ನಡುವೆ ಅಷ್ಟು ಹೊತ್ತೂ ಅಳದೆ ಇದ್ದವನು ಕೈಯನ್ನೇ ನೋಡಿಕೊಂಡು, "ಇನ್ನೂ ಬೆಚ್ಚಗಿದೆ ಸಾರ್," ಎಂದು ನನ್ನ ಕಡೆ ತಿರುಗಿ ಅತ್ತುಬಿಟ್ಟ.